ಎರೆಮಣ್ಣಿನ ಹಾದಿಯಲ್ಲಿ ಮದುಮಗ

ಬಾಸಿಂಗ ಕಟ್ಟಿಕೊಂಡಿದ್ದ ನನ್ನ ತಮ್ಮ ಪ್ಯಾಂಟು ಮೊಣಕಾಲಿಗೆ ಮಡಚಿ ಕೆಸರಿನಲ್ಲಿ ನಿಂತಿದ್ದ. ಅವನನ್ನು ಕಲಬುರಗಿಯಿಂದ ಕರೆತಂದ ದೊಡ್ಡ ಬಾಡಿಗೆ ಕಾರು, ಮಹಾಗಾಂವ ದಾಟಿ ಹೊಲದ ಹಾದಿಗೆ ಇಳಿದ ಕೂಡಲೇ ಹೂತುಹೋಗಿತ್ತು. ಬೆಳಗಿನ ಮಳೆಗೆ ನೆನೆದ ಎರೆಮಣ್ಣು ಅದರ ಅಗಲವಾದ ನುಣುಪು ಟೈರುಗಳಿಗೆ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಅಕ್ಷತೆಯ ಹೊತ್ತು ಹತ್ತಿರವಾಗಿತ್ತು. ಹೆಣ್ಣಿನ ಮನೆಯವರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು.

ಹಿಂದೆಯೇ ನನ್ನ ಹಳೆಯ ಪುಟ್ಟ ಕಾರಿತ್ತು. ಕಮಲಾಪುರದ ಆಚೆಯ ಶಾಲೆಗೆ ಇಂಥ ಹಾದಿಯಲ್ಲೇ ದಿನವೂ ಹೋಗುವವಳು ನಾನು. ಡಾಂಬರಿನ ಮೇಲೆ ಸದ್ದು ಮಾಡಿದರೂ ಸರಿ ಎಂದು, ಮಳೆಗಾಲಕ್ಕೆ ಮುನ್ನ ಆಳವಾದ ಗೀರುಗಳ ಟೈರುಗಳನ್ನೇ ಹಠ ಹಿಡಿದು ಹಾಕಿಸಿದ್ದೆ. ಚಕ್ರ ತಿರುಗಿದಂತೆ ಅವುಗಳಿಂದ ಮಣ್ಣು ತಾನೇ ಉದುರುತ್ತದೆ.

“ಇಷ್ಟು ಸಣ್ಣ ಕಾರು ಹೋಗ್ತದೇನವ್ವಾ?” ಎಂದರು ದೊಡ್ಡ ಕಾರಿನಿಂದ ಇಳಿದಿದ್ದ ನಮ್ಮ ಕಾಕಾ.

“ಹೋಗ್ತದ ಕಾಕಾ, ನೋಡ್ತಿರ್ರಿ!” ಎಂದು ತಮ್ಮನನ್ನು ಹತ್ತಿಸಿಕೊಂಡೆ.

ಎರಡನೇ ಗೇರಿನಲ್ಲಿ, ಬ್ರೇಕು ಮುಟ್ಟದೆ, ಹೂತ ಕಾರಿನ ಬದಿಯಿಂದ ನಿಧಾನವಾಗಿ ಹೊರಟೆ. ತೊಗರಿ ಹೊಲದ ತಿರುವಿನಲ್ಲಿ ಕಾರು ಎಡಕ್ಕೆ ಜಾರಿತು. ತಮ್ಮ ಬಾಸಿಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಷ್ಟರಲ್ಲಿ ಟೈರುಗಳು ನೆಲ ಕಚ್ಚಿದವು, ಕೆಸರು ಕಿಟಕಿಗೆ ರಾಚಿತು, ಕಾರು ಮುನ್ನುಗ್ಗಿತು. ಹಂದರದ ಮುಂದೆ ನಿಲ್ಲಿಸುತ್ತಿದ್ದಂತೆ ಬಾಜಾ ಮೊಳಗಿತು. ಆರತಿ ಹಿಡಿದು ಬಂದ ಬೀಗತಿ ಮದುಮಗನಿಗಿಂತ ಮೊದಲು ನನ್ನ ಕಾರಿಗೆ ಕುಂಕುಮ ಹಚ್ಚಿದರು!

ಈಗ ನಮ್ಮ ಬಳಗದಲ್ಲಿ ಯಾರು ಟೈರು ಕೊಳ್ಳಲು ಹೊರಟರೂ ಮೊದಲು ನನಗೇ ಫೋನ್ ಮಾಡುತ್ತಾರೆ. ನಾನು ಠೀವಿಯಿಂದಲೇ ಕೇಳುತ್ತೇನೆ: “ಯಾವ ಹಾದಿ? ಯಾವ ಕಾಲ?”