ರೌಶನ್ ಬೀಯ ಮೊರ
ಕಳಸ ಪೇಟೆಯಲ್ಲಿ ಗಂಡ ಹೆಂಡಿರ ಮಾತು ಮುರಿದರೆ ಮುದುಕಿ ರೌಶನ್ ಬೀ ಮೊರದ ತುಂಬ ಕಾಫಿಬೀಜ ಹೊತ್ತು ಹಾಜರಾಗುವಳು. ಇಬ್ಬರನ್ನೂ ಎದುರುಬದುರು ಕೂರಿಸಿ, "ಕೆಟ್ಟ ಕಪ್ಪು ಬೀಜ ಆರಿಸಿ ಎಸೀರಿ. ಒಬ್ಬರು ಮಾತಾಡ್ವಾಗ ಇನ್ನೊಬ್ಬರು ಬಾಯಿ ಮುಚ್ಕೊಂಡು ಕೇಳಿ," ಎನ್ನುವಳು. ಅರ್ಧ ಪೇಟೆಯ ಕಾಫಿ ಹಸನಾಗುವುದೇ ಜಗಳಗಳಿಂದ ಎಂದು ಜನ ನಗುವರು. ಕೈ ಮಾಡುವ ಗಂಡನಿಗೆ ಮಾತ್ರ ಮೊರವಿಲ್ಲ. ಅವನ ಹೆಂಡತಿಯನ್ನು ತನ್ನ ಮನೆಗೇ ಕರೆದೊಯ್ಯುವಳು. ಇದೆಲ್ಲ ಹುಚ್ಚಾಟ ಎನ್ನುತ್ತಿದ್ದ, ಮೈಸೂರಿನಲ್ಲಿ ಓದಿದ ರಶೀದಾ, ಮಗು ಹುಟ್ಟಿದ ಮೇಲೆ ಗಂಡ ನಜೀರ್ ಮಾತು ಬಿಟ್ಟಾಗ ತಾನೇ ರೌಶನ್ ಬೀಗೆ ಹೇಳಿಕಳಿಸಿದಳು. "ಮಗು ಕೆಮ್ಮಿದ್ರೆ ನನ್ನ ಜೀವ ಹೋಗುತ್ತೆ. ನಿಮಗೇನೂ ಅನ್ಸಲ್ವಾ?" ಎಂದಳು ಮೊರದ ಮುಂದೆ ಕೂತು. ತನ್ನ ಸರದಿ ಬಂದಾಗ ನಜೀರ್, "ಎತ್ಕೊಳ್ಳೋಕೆ ಬಂದ್ರೆ, ಬೀಳಿಸ್ತೀರಿ ಅಂತ ಕಿತ್ಕೋತೀಯಲ್ಲ," ಎಂದ. ರೌಶನ್ ಬೀ ಅವನು ಆರಿಸಿ ಎಸೆದ ರಾಶಿ ಕೆದಕಿದಳು. ಕಾಫಿ ವ್ಯಾಪಾರಿಯಾಗಿಯೂ ಅವನು ಒಳ್ಳೆಯ ಬೀಜಗಳನ್ನೇ ಎಸೆದಿದ್ದ. "ನೋಡೇ, ಬೀಜ ಬಿಟ್ಟು ನಿನ್ನ ಮಾತೇ ಕೇಳ್ತಿದ್ದಾನೆ!" ರಶೀದಾ ಮಗುವನ್ನು ಅವನ ಕೈಗಿತ್ತಳು, ಜೋಪಾನ ಎನ್ನಲು ಹೋಗಿ ಸುಮ್ಮನಾದಳು.