ಗಾಳೆಮ್ಮ ತಿಕ್ಕದೆ ಬಿಟ್ಟ ಗಂಟು

ಹಿಟ್ನಾಳದ ಹಳೆ ಓಣಿಯಲ್ಲಿ ಒಂದು ಕಾಲಕ್ಕೆ ಯಾರದೇ ಕೂಸಿಗೆ ಸೂಜಿ ಹಾಕಿಸಿದರೂ ಅಲ್ಲಿಂದ ನೆಟ್ಟಗೆ ಗಾಳೆಮ್ಮನ ಕಟ್ಟೆಗೆ ಬರುತ್ತಿದ್ದರು. ಸೂಜಿ ಚುಚ್ಚಿದಲ್ಲಿ ಗಂಟು ಕಟ್ಟಿ ಕೂಸು ಚೀರುತ್ತಿತ್ತು. ಗಾಳೆಮ್ಮ ಹರಳುಪ್ಪನ್ನು ಹಂಚಿನ ಮೇಲೆ ಚಟಪಟ ಅನ್ನುವವರೆಗೆ ಹುರಿದು, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಮೊದಲು ತನ್ನ ಕೆನ್ನೆಗೆ ಹಿಡಿದು ಬಿಸಿ ನೋಡುತ್ತಿದ್ದಳು. ಆಮೇಲೆ ಶಾಖ. ಆಮೇಲೆ ಔಡಲೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಮೆತ್ತಗೆ ತಿಕ್ಕುವುದು. ಸಂಜೆಗೆ ಕೂಸು ನಗುತ್ತ ಮೊಲೆ ಹಿಡಿಯುತ್ತಿತ್ತು.

ಈ ಕೈಗುಣ ಅವಳಿಗೆ ಹತ್ತಿದ್ದು ತಮ್ಮ ಹೊನ್ನೂರಪ್ಪನ ತೋಳಿನ ಮೇಲೆ. ತಾಯಿ ಇಲ್ಲದ ಹುಡುಗ. ಸಾಲೆಗೆ ಸೂಜಿಯವರು ಬಂದರೆಂದು ಕಿಟಕಿ ಹಾರಿ ಜೋಳದ ಹೊಲದಲ್ಲಿ ಅಡಗಿದ್ದ. ಮಾಸ್ತರರು ಹಿಡಿದು ತಂದು ಚುಚ್ಚಿಸಿದರು. ಊದಿದ ತೋಳು ಹಿಡಿದುಕೊಂಡು ಬಂದವನು ಅಕ್ಕನ ತೊಡೆ ಬಿಟ್ಟು ಏಳಲಿಲ್ಲ. ತಾನೂ ಲಂಗ ಉಡುವ ಹುಡುಗಿಯೇ ಆಗಿದ್ದ ಗಾಳೆಮ್ಮ, ಅವ್ವ ಮಾಡಿದ್ದನ್ನು ನೆನೆಸಿಕೊಂಡು ಉಪ್ಪು ಹುರಿದಳು. ಗಂಟು ಕರಗಿತು. ಅವತ್ತಿನಿಂದ ಆ ಹುಡುಗನಿಗೆ ಅಕ್ಕನೇ ಅವ್ವ.

ಈಗ ಯಾರೂ ಬರುವುದಿಲ್ಲ. ಓಣಿಯ ಸೊಸೆಯಂದಿರು ಆಸ್ಪತ್ರೆಯ ಸಿಸ್ಟರ್ ಹೇಳಿದಂತೆ ಮಾಡುತ್ತಾರೆ. ಗಾಳೆಮ್ಮನ ಹೆಬ್ಬೆರಳು ಸುಮ್ಮನೆ ಕುಂತುಬಿಟ್ಟಿದೆ.

ಹೋದ ಶ್ರಾವಣದಲ್ಲಿ ಹೊನ್ನೂರಪ್ಪ ಕೊಪ್ಪಳದಿಂದ ಮುನಿರಾಬಾದಿಗೆ ಮರಳುವಾಗ ಅಕ್ಕನ ಮನೆಗೆಂದು ಹಿಟ್ನಾಳದಲ್ಲಿ ಇಳಿದ. ಕಾಲುವೆಯ ತೂಬು ಎತ್ತಿ ಇಳಿಸುವ ನೌಕರಿ ಮಾಡಿ ನಿವೃತ್ತನಾದವನು. ಹೊಟ್ಟೆ ಹಿಡಿದುಕೊಂಡೇ ಒಳಗೆ ಬಂದ.

"ಏನಾತೋ ತಮ್ಮಾ?"

"ಹೊಟ್ಟಿಗೆ ಸೂಜಿ ಮಾಡ್ಯಾರ ಬೇ."

"ಹೊಟ್ಟಿಗೆ? ಯಾವ ನಾಯಿ ಕಡೀತು?"

"ನಾನ ನಾಯಿಗೆ ಕಡದೀನಿ. ಮೊದ್ಲ ರೊಟ್ಟಿ ಹಾಕು."

ಉಂಡು ಮಂಚದ ಮೇಲೆ ಒರಗಿದವನಿಗೆ ಜೊಂಪು ಹತ್ತಿತು. ಅಂಗಿ ಮೇಲೆ ಸರಿದಿತ್ತು. ಹೊಕ್ಕುಳದ ಪಕ್ಕದಲ್ಲಿ ಹುಣಸೆ ಬೀಜದಂಥ ಗಂಟು. ಗಾಳೆಮ್ಮನಿಗೆ ಜೀವ ಬಂದಂತಾಯಿತು. ಒಲೆ ಹಚ್ಚಿದಳು, ಉಪ್ಪು ಹುರಿದಳು, ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಹಿಡಿದು ನೋಡಿದಳು. ಇನ್ನೇನು ಇಡಬೇಕು, ತಮ್ಮ ಧಡಕ್ಕನೆ ಎದ್ದು ಅವಳ ಮುಂಗೈ ಹಿಡಿದ.

"ಏ ಯಕ್ಕಾ! ಮುಟ್ಟಬ್ಯಾಡ!"

"ಯಾಕೋ? ನನ್ನ ಕೈ ಬ್ಯಾಡಾತೇನು ನಿನಗ?"

"ಹಂಗಲ್ಲ ಬೇ. ಇದು ಔಷಧದ ಗಂಟ." ಗೋಡೆಯ ಕಡೆ ಮುಖ ಮಾಡಿ ಹೇಳಿದ: "ಕ್ಯಾನ್ಸರ್ ಐತಂತ ನನಗ. ಉಚ್ಚಿ ಚೀಲದ ಬುಡಕ."

ಗಾಳೆಮ್ಮ ಉಪ್ಪಿನ ಕಟ್ಟನ್ನು ನೆಲಕ್ಕಿಟ್ಟಳು. "ಯಾವಾಗಿಂದ?"

"ಯುಗಾದಿಯಿಂದ. ಅಂಥಾ ಜಾಗದ ಬೇನಿ, ಅಕ್ಕನ ಮುಂದ ಹೆಂಗ ಹೇಳ್ಲಿ?"

"ನಿನ್ನ ಕುಂಡಿ ತೊಳದಾಕಿ ಮುಂದ ನಾಚಿಕಿ ಬಂತೇನು? ಮೂರ್ಖಾ! ಆಗ ಜ್ವಾಳದಾಗ ಅಡಗಿದ್ದಿ, ಈಗ ಬೇನೀನ ಅಡಗಿಸಿಟ್ಟಿ!"

ಗಾಳೆಮ್ಮ ಅತ್ತು ಹಗುರಾದಳು. ಆಮೇಲೆ ಅವನು ಕೊಪ್ಪಳದ ಆಸ್ಪತ್ರೆಯ ಖುರ್ಷಿದಾ ಸಿಸ್ಟರ್ ಹೇಳಿದ್ದನ್ನು ಬಿಡಿಸಿ ಹೇಳಿದ.

"ಸಿರಿಂಜಿನ್ಯಾಗ ತೆಳ್ಳಗ ಇರ್ತೈತಿ. ಚರ್ಮದ ಒಳಗ ಹೋದ ಮ್ಯಾಲ ಗಿಣ್ಣದಂಗ ಗಟ್ಟ್ಯಾಗಿ ಕೂಡ್ತೈತಿ. ಕೂತಲ್ಲೇ ತಿಂಗಳಗಟ್ಟಲೆ ಸಣ್ಣಗ ಔಷಧ ಬಿಡ್ತೈತಿ. ತಿಕ್ಕಬಾರ್ದು, ಶಾಖ ಕೊಡಬಾರ್ದು. ತೂಬ ಒಮ್ಮೆಲೆ ಎತ್ತಿಬಿಟ್ರ ಬ್ಯಾಸಿಗ್ಯಾಗ ಗದ್ದಿಗೆ ನೀರು ಎಲ್ಲಿಂದ ತರೂದು?"

"ತಾನ ಕರಗ್ತೈತೇನು?"

"ಕರಗ್ತೈತಿ. ಮೆಲ್ಲಕ."

ಗಾಳೆಮ್ಮ ಆ ಗಂಟನ್ನೇ ನೋಡಿದಳು. ಎಷ್ಟೋ ಕೂಸುಗಳ ಗಂಟು ಕರಗಿಸಿದ ಕೈ ಇದು. ಇವನೊಬ್ಬನ ಗಂಟು ಉಳಿಯಲಿ ಎಂದು ಹುಲಿಗೆಮ್ಮನಿಗೆ ಬೇಡಿಕೊಳ್ಳುವ ಹೊತ್ತು ಬಂತಲ್ಲ. ಬಿಸಿ ಉಪ್ಪನ್ನು ಒಯ್ದು ಹಿತ್ತಲ ಕಟ್ಟೆಯ ಮೇಲಿಟ್ಟು ಬಂದು, ತಮ್ಮನ ಅಂಗಿಯನ್ನು ಕೆಳಗೆಳೆದು ಗುಂಡಿ ಹಾಕಿದಳು.

"ಮುಂದಿನ ಸೂಜಿಗೆ ನಾನೂ ಬರ್ತೀನಿ. ಕೈ ಕಟ್ಟಿಕೊಂಡು ಕುಂದರ್ತೀನಿ."

"ನಿನ್ನ ಕೈ ಕಟ್ಟಾಕ ಆ ದೇವರಿಂದ್ಲೂ ಆಗಂಗಿಲ್ಲ ಬೇ," ಎಂದು ನಕ್ಕು ಅವನು ಮತ್ತೆ ಒರಗಿದ.

ಅವನಿಗೆ ನಿದ್ದೆ ಹತ್ತಿತು. ಗಾಳೆಮ್ಮ ಮಂಚದ ಪಕ್ಕದಲ್ಲಿ ಕುಳಿತು, ಅವನ ಹೊಟ್ಟೆಯ ಮೇಲೆ ಒಂದು ನೊಣವೂ ಕೂಡದಂತೆ ಸೆರಗು ಬೀಸುತ್ತಲೇ ಇದ್ದಳು.