ಅಣ್ಣನಿಗೆ ಸಿಗದ ರೊಟ್ಟಿ

ನನ್ನ ಅಣ್ಣ ದಾನಿಯೇಲನಿಗೆ ಕರ್ತನ ಮೇಜಿನ ರೊಟ್ಟಿ, ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ಸಿಗದಂತೆ ಮಾಡಿದವನು ನಾನು. ಸುಳ್ಳು ಹೇಳಲಿಲ್ಲ. ನಿಜವನ್ನೇ ಹೇಳಿದೆ — ಅರ್ಧ ಹೇಳಿದೆ, ಮಿಕ್ಕರ್ಧ ನುಂಗಿದೆ. ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. ನಾನು ಐದನೇ ತರಗತಿಗೆ ಶಾಲೆ ಬಿಟ್ಟವನು, ಕಲ್ಯಾಣದುರ್ಗದಲ್ಲಿ ಆಟೋ ಓಡಿಸುವವನು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಾವು ಹಿಂದೂಪುರದವರು. ಅಪ್ಪ ಅಲ್ಲಿನ ದೊಡ್ಡ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ. ಅಣ್ಣ ಮಿಲಿಟರಿಗೆ ಹೊರಟಾಗ ಅಲ್ಲಿನ ಪಾದ್ರಿ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನ್ಯಾಯಕ್ಕಾಗಿ ಆಯುಧ ಹಿಡಿಯುವುದು ಪಾಪವಲ್ಲ ಎಂದರು. ನಾನಾಗ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೆ. ಜೊತೆಯವನೊಬ್ಬ ನನ್ನನ್ನು ಒಂದು ಸಣ್ಣ ಕ್ರೈಸ್ತ ಸಭೆಗೆ ಕರೆದೊಯ್ದ. ಅಲ್ಲಿ ಹೇಳುತ್ತಿದ್ದುದೇ ಬೇರೆ — ವಿಶ್ವಾಸಿಯಾದವನು ಯಾರ ಮೇಲೂ ಕೈಯೆತ್ತಬಾರದು, ಯುದ್ಧಕ್ಕೂ ಹೋಗಬಾರದು. ನನಗೆ ಹಿಡಿಸಿತು. ಅಣ್ಣನ ದಾರಿಗೆ ಅದು ಎದುರು ಎಂಬುದೇ ಹೆಚ್ಚು ಹಿಡಿಸಿತೋ ಏನೋ —

ಅಣ್ಣ ರಜಕ್ಕೆ ಬಂದಿದ್ದಾಗ ಒಂದು ದಿನ, ಮೂಟೆ ಹರಿದದ್ದಕ್ಕೆ ಮಂಡಿಯ ಮೇಸ್ತ್ರಿ ನನ್ನ ಕೆನ್ನೆಗೆ ಹೊಡೆದ. ನಾನು ಸುಮ್ಮನೆ ನಿಂತೆ. ಅಣ್ಣ ನೋಡಿಬಿಟ್ಟ. ಮೇಸ್ತ್ರಿಯನ್ನು ಹಿಡಿದು ಬಡಿದ. ಆಮೇಲೆ ನನ್ನ ಕಡೆ ತಿರುಗಿ, ಹಮಾಲಿಗಳೆಲ್ಲ ಕೇಳುವಂತೆ ಹೇಳಿದ:

"ನೀನು ಮನೇಗ್ ಹೋಗ್ಲಾ, ಅವ್ವನ ಸೆರಗ್ ಹಿಡ್ಕಂಡ್ ಕೂತ್ಕ. ಇದು ಗಂಡಸ್ರು ಕೆಲ್ಸ ಮಾಡೋ ಜಾಗ."

ಮರುದಿನ ನಾನು ಮಂಡಿಗೆ ಕಾಲಿಡುತ್ತಿದ್ದಂತೆ ಯಾವನೋ ಕೂಗಿದ: "ಕೊಂಗು ವಚ್ಚಿಂದಿ ರಾ." ಸೆರಗು ಬಂತು ಕಣ್ರೋ ಎಂದು — ತೆಲುಗಿನಲ್ಲಿ ಕೊಂಗು ಎಂದರೆ ಸೆರಗು. ಅಲ್ಲಿಂದ ಅದೇ ನನ್ನ ಹೆಸರು. ಟೀ ಅಂಗಡಿಗೆ ಬಂತು, ಹೆಣ್ಣು ನೋಡಲು ಹೋದ ಮನೆಗೂ ಬಂತು. ಅಣ್ಣ ರಜ ಮುಗಿಸಿ ಹೋದ, ಮರೆತ. ನಾನು ಊರನ್ನೇ ಬಿಟ್ಟು ಕಲ್ಯಾಣದುರ್ಗ ಸೇರಿದೆ. ಅಲ್ಲಿಯೂ ಅದೇ ಪಂಗಡದ ಸಭೆಯಿತ್ತು. ಕೈಯೆತ್ತಬಾರದೆನ್ನುವ ಆ ಸಭೆಯಲ್ಲಿ ಕೂತು, ಕಣ್ಣು ಮುಚ್ಚಿ, ಅಣ್ಣ ಎಲ್ಲರೆದುರು ತಲೆ ತಗ್ಗಿಸಿ ನಿಲ್ಲುವುದನ್ನು ಮನಸ್ಸಿನಲ್ಲೇ ನೋಡುತ್ತಿದ್ದೆ. ನನ್ನ ಪ್ರಾರ್ಥನೆಯೇ ಅದಾಗಿತ್ತು.

ಕೆಲವು ವರ್ಷಗಳ ಮೇಲೆ, ಒಂದು ಶನಿವಾರ, ಅಣ್ಣ ಹೇಳದೆ ಕೇಳದೆ ಬಂದ. ಕಂಬದೂರಿನ ಬಾಡಿಗೆಗೆ ಅವನನ್ನೂ ಕೂರಿಸಿಕೊಂಡು ಹೋದೆ. ಖಾಲಿ ಆಟೋದಲ್ಲಿ ವಾಪಸು ಬರುವಾಗ ಅವನು ಹಿಂದಿನ ಸೀಟಿನಿಂದ, ನನ್ನ ಬೆನ್ನಿಗೆ ಹೇಳಿದ — ಗಡಿಯಲ್ಲಿ ಒಬ್ಬನನ್ನು ಕೊಂದೆ ಎಂದು. ಸತ್ತವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲವಂತೆ. ಜೇಬಿನಲ್ಲಿ ಹುರಿಗಡಲೆ ಇತ್ತಂತೆ. ಅದಕ್ಕಾಗಿ ಹಿಂದೂಪುರದ ಚರ್ಚಿನಲ್ಲಿ ಅಣ್ಣನಿಗೆ ಹಾರ ಹಾಕಿದರಂತೆ.

"ಪಾದ್ರಿ ಅಯ್ಯನೋರ್ಗೆ ಎಲ್ಲಾ ಹೇಳ್ದೆ. ಅದು ಪಾಪ ಅಲ್ಲ, ಡ್ಯೂಟಿ ಅಂದ್ಬುಟ್ರು. ಪಾಪಾನೇ ಅಲ್ಲ ಅಂದ್ಮೇಲೆ ಕ್ಷಮ್ಸೋದೇನು? ನಿಮ್ ಸಭೇಲಿ ಪಾಪ ಅಂತಾರಲ್ಲ, ಅದ್ಕೇ ಬಂದೆ ಕಣ್ಲಾ."

ನೌಕರಿ ಬಿಡಲು ಅರ್ಜಿ ಹಾಕಿದ್ದೇನೆ ಎಂದ. ಅಳುತ್ತಿದ್ದ. ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಕನ್ನಡಿ ತಿರುಗಿಸಿಕೊಂಡೆ — ಇನ್ನೂ ಚೆನ್ನಾಗಿ ಕಾಣಲಿ ಎಂದು.

ನಮ್ಮಲ್ಲಿ ಹೊಸಬರಿಗೆ ರೊಟ್ಟಿ ಕೊಡುವ ಮೊದಲು ಸಭೆಯವನೊಬ್ಬ ಎದ್ದು ನಿಂತು ಅವರ ಪರವಾಗಿ ಸಾಕ್ಷಿ ಹೇಳಬೇಕು. ಆಯುಧ ಹಿಡಿದವನಾದರೂ ಪಶ್ಚಾತ್ತಾಪಪಟ್ಟು ಆ ಕೆಲಸ ಬಿಡುವುದಾದರೆ ಸೇರಿಸಿಕೊಳ್ಳುತ್ತಾರೆ. ಇದೆಲ್ಲ ಅಣ್ಣನಿಗೆ ನಾನೇ ವಿವರಿಸಿದೆ. ತನ್ನ ಪರವಾಗಿ ತಾನೇ ಮಾತಾಡಬಾರದು, ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದೂ ಹೇಳಿದೆ. ಅವನು ಮಗುವಿನಂತೆ ತಲೆಯಾಡಿಸಿದ.

ಭಾನುವಾರ ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತ. ಸಭೆಯ ಹಿರಿಯರು ಅಬ್ರಹಾಮಯ್ಯ, ಈ ಸಹೋದರನ ಪರವಾಗಿ ಯಾರು ಹೇಳುತ್ತೀರಿ ಎಂದು ಕೇಳಿದರು. ಎದ್ದೆ.

"ಇವ್ನು ನಮ್ಮಣ್ಣ. ಮಿಲಿಟರೀಲವ್ನೆ. ಒಬ್ಬನ್ನ ಕೊಂದವ್ನೆ. ಅವ್ನ ಬಾಯಲ್ಲೇ ಕೇಳಿದೀನಿ."

ಕೂತೆ. ಅಬ್ರಹಾಮಯ್ಯ ನಿಜವೇ ಎಂದು ಅಣ್ಣನನ್ನು ಕೇಳಿದರು. ಅಣ್ಣ ನನ್ನ ಮುಖ ನೋಡಿದ. ಕಾಯುತ್ತಿದ್ದ — ಇನ್ನೂ ಇದೆ, ತಮ್ಮ ಎದ್ದು ಹೇಳುತ್ತಾನೆ ಎಂದು. ನಾನು ಚಾಪೆಯ ಅಂಚು ನೋಡುತ್ತಿದ್ದೆ. ಕೊನೆಗೆ ಅವನು, "ತಮ್ಮ ಹೇಳಿದ್ದು ನಿಜಾನೇ" ಎಂದ. ಹಾಗಾದರೆ ಇವನಿಗೆ ರೊಟ್ಟಿಯಿಲ್ಲ ಎಂದರು ಅಬ್ರಹಾಮಯ್ಯ.

ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಬಂತು. ನನ್ನ ಚೂರು ತೆಗೆದುಕೊಂಡೆ. ತಟ್ಟೆಯನ್ನು ಅಣ್ಣನ ಮೊಣಕಾಲುಗಳ ಮೇಲಿನಿಂದ ಆಚೆಯವನಿಗೆ ದಾಟಿಸಿದೆ. ಅವನು ಎದ್ದು ಹೋದ. ಹೊರಗೆ ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಬಹಳ ಹೊತ್ತು ಹುಡುಕುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು. ಆ ರೊಟ್ಟಿ ಬಾಯಲ್ಲಿ ಕರಗುತ್ತಿರುವಾಗ ಮನಸ್ಸಿನಲ್ಲೇ ಅವನನ್ನು ಕೊಂಗು, ಕೊಂಗು ಎಂದು ಕರೆದೆ. ರೊಟ್ಟಿ ಅಷ್ಟು ರುಚಿಯಾಗಿ ನನಗೆ ಎಂದೂ ಸಿಕ್ಕಿರಲಿಲ್ಲ.

ಅಣ್ಣ ಅರ್ಜಿ ವಾಪಸು ತೆಗೆದುಕೊಂಡ. ಪಿಂಚಣಿ ಬರುವವರೆಗೂ ಮಿಲಿಟರಿಯಲ್ಲೇ ಇದ್ದ. ಇನ್ನೆಷ್ಟು ಸಲ ಬಂದೂಕು ಎತ್ತಿದನೋ — ಕೇಳುವ ಬಾಯಿ ನನಗಿಲ್ಲ. ಈಗ ಪೆನುಕೊಂಡದ ಹತ್ತಿರ ಕಾರು ಕಾರ್ಖಾನೆಯ ಗೇಟು ಕಾಯುತ್ತಾನೆ. ಹಾರ ಹಾಕಿದ ಚರ್ಚಿಗೂ ಹೋಗುವುದಿಲ್ಲ, ನಮ್ಮ ಸಭೆಗೂ ಬರುವುದಿಲ್ಲ. ಅವ್ವ ಸತ್ತಾಗ ಚರ್ಚಿನ ಹೊರಗೇ ನಿಂತಿದ್ದು, ಸಮಾಧಿಗೆ ಮಾತ್ರ ಬಂದ.

ಮೊನ್ನೆ ಅವನನ್ನು ನೋಡಲು ಹೋಗಿದ್ದೆ. ಟೀ ಕುಡಿಸಿದ. ಮಕ್ಕಳು ಹೇಗಿದ್ದಾರೆಂದು ಕೇಳಿದ. ಅಣ್ಣಾ ಎಂದು ಬಾಯಿ ತೆರೆದೆ.

"ಏನ್ಲಾ?"

"ಏನಿಲ್ಲ. ಬತ್ತೀನಿ."

ಅವನನ್ನು ಕಂಡ ಕೂಡಲೇ ಆ ಹಳೆಯ ಹೆಸರು ಕಿವಿಯಲ್ಲಿ ಮತ್ತೆ ಕೇಳಿಸಿತು, ಹಲ್ಲು ಕಡಿದೆ. ಅದನ್ನೂ ಮುಚ್ಚಿಡುವುದಿಲ್ಲ. ನನ್ನ ಬೆಂಕಿ ಪೂರ್ತಿ ಆರಿಲ್ಲ. ಆರಲಿ ಎಂದು ಕಾಯುತ್ತಾ ಕೂತರೆ ಇಬ್ಬರಲ್ಲೊಬ್ಬರು ಸಾಯುತ್ತೇವೆ.

ಈ ಭಾನುವಾರ ಸಭೆಯಲ್ಲಿ ಎದ್ದು ನಿಂತು ಮಿಕ್ಕರ್ಧ ಹೇಳುತ್ತೇನೆ — ಅವನು ಅತ್ತದ್ದು, ಅರ್ಜಿ ಹಾಕಿದ್ದು, ಯಾಕಾಗಿ ಬಂದಿದ್ದ ಎಂಬುದು. ಆಮೇಲೆ ಪೆನುಕೊಂಡಕ್ಕೆ ಹೋಗಿ, ಹೇಳಿದೆ ಎಂದು ಅವನಿಗೆ ತಿಳಿಸುತ್ತೇನೆ. ಅವನು ಬರದಿರಬಹುದು. ಬರುವವರೆಗೆ, ತಟ್ಟೆ ನನ್ನ ಮುಂದೆ ಬಂದಾಗ ಚೂರು ಮುರಿಯದೆ ಪಕ್ಕದವನಿಗೆ ದಾಟಿಸುತ್ತೇನೆ. ದಾಟಿಸುವುದು ನನ್ನ ಕೈಗೆ ಗೊತ್ತು.